ಏಳನೇ ವಾರ್ಡಿನ ಸರ್ವರ್

ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದವರು ಮೊದಲು ಬಾಗಿಲು ತೆಗೆದು ಎದುರಿಗೆ ಯಾರ ಮನೆ ಬಂದಿದೆ ಎಂದು ನೋಡುತ್ತಾರೆ. ಜನ ಮಲಗಿದ ಮೇಲೆ ಮನೆಗಳು ಸರಿಯುತ್ತವೆ. ಕೆಲವು ನಾಲ್ಕು ಮಾರು, ಕೆಲವು ಅರ್ಧ ಮೈಲಿ. ನಿನ್ನೆ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಮಲಗಿದವರು ಇವತ್ತು ಹಳ್ಳದ ದಂಡೆಯಲ್ಲಿ ಏಳಬಹುದು. ಹೊಸ ನೆರೆಯವರಿಗೆ ಒಂದು ಬಟ್ಟಲು ಅವಲಕ್ಕಿ ಕೊಟ್ಟು ಮಾತನಾಡಿಸುವುದು ನಮ್ಮಲ್ಲಿ ರೂಢಿ. ನೆರೆಯವರ ಜತೆ ಜಗಳವಾದರೆ ಎರಡು ದಿನ ತಾಳಿಕೊಂಡರೆ ಸಾಕು. ಕರೆಂಟಿನವರು ಪ್ರತಿ ಮನೆಗೂ ಸುರುಳಿ ಸುತ್ತಿದ ಉದ್ದನೆಯ ತಂತಿ ಕೊಟ್ಟಿದ್ದಾರೆ. ಬಂಡೆಯ ಮೇಲೆ ಕಟ್ಟಿದ ಪುರಸಭೆ, ಶಾಲೆ, ಆಸ್ಪತ್ರೆ, ಈ ಮೂರು ಮಾತ್ರ ಕದಲುವುದಿಲ್ಲ.

ಪುರಸಭೆಯ ಕಂಪ್ಯೂಟರ್ ವಿಭಾಗದಲ್ಲಿ ನಾನು ಹದಿಮೂರು ವರ್ಷದಿಂದ ಇದ್ದೇನೆ. ವಿಭಾಗ ಎಂದರೆ ಈಗ ನಾನೊಬ್ಬಳೇ, ಇಂದುಮತಿ. ಮೊದಲು ಪ್ರಭಾವತಿ ಎಂಬುವವರು ಇದ್ದರು. ನಾನು ಅವರನ್ನು ಪ್ರಭಕ್ಕ ಎನ್ನುತ್ತಿದ್ದೆ. ಕೀಲಿಮಣೆಯ ಮೇಲೆ ಎರಡು ಬೆರಳಿನಲ್ಲಿ ಒತ್ತುತ್ತಿದ್ದ ನನಗೆ ಸರ್ವರ್ ನಡೆಸುವ ಲಿನಕ್ಸ್ ಕಲಿಸಿದವರು ಅವರು. ಊರಿನ ಹನ್ನೊಂದು ವಾರ್ಡುಗಳಿಗೆ ಹನ್ನೊಂದು ಸರ್ವರ್ ಹೊಂದಿಸಿದವರೂ ಅವರೇ. ಪ್ರತಿ ಮನೆಯ ಸೂರಿನಡಿ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಡಬ್ಬಿ ಇದೆ. ಬೆಳಗಾಗುತ್ತಲೇ ಅದು ತಾನೆಲ್ಲಿದ್ದೇನೆ ಎಂದು ವಾರ್ಡಿನ ಸರ್ವರಿಗೆ ತಿಳಿಸುತ್ತದೆ. ಸರ್ವರ್ ಎಲ್ಲವನ್ನೂ ಸೇರಿಸಿ ಅಂದಿನ ನಕ್ಷೆ ಬರೆಯುತ್ತದೆ. ಆ ನಕ್ಷೆಯನ್ನು ಹಾಲಿನ ಬೂತಿಗೆ ಅಂಟಿಸುತ್ತಾರೆ. ಅಂಚೆಯವರು, ನರ್ಸುಗಳು, ಪರಸ್ಥಳದಿಂದ ಬಂದ ಬೀಗರು, ಎಲ್ಲರೂ ಅದನ್ನು ನೋಡಿಕೊಂಡೇ ಹೊರಡುತ್ತಾರೆ.

ಈ ವ್ಯವಸ್ಥೆಯಲ್ಲಿ ಒಂದು ಕೊರತೆ ಇತ್ತು. ಒಂದು ಸರ್ವರಿಗೆ ಇನ್ನೊಂದರ ಪರಿಚಯವಿರಲಿಲ್ಲ. ಯಾವುದಾದರೂ ಮನೆ ಸರಿಯುತ್ತ ವಾರ್ಡಿನ ಗಡಿ ದಾಟಿದರೆ ಹಳೆಯ ಸರ್ವರಿಗೆ ಅದರ ದನಿ ಎಟುಕುತ್ತಿರಲಿಲ್ಲ, ಹೊಸದು ಗುರುತಿಲ್ಲದ ಡಬ್ಬಿಯ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಮನೆಯವರೇ ಪುರಸಭೆಗೆ ಬಂದು ಹೆಸರು ಬರೆಸುವವರೆಗೆ ಆ ಮನೆ ಯಾವ ನಕ್ಷೆಯಲ್ಲೂ ಇರುತ್ತಿರಲಿಲ್ಲ. ಹೋದ ಮಾಘದಲ್ಲಿ ಹಾಲಪ್ಪ ಮಾಸ್ತರರು ಎದೆ ಹಿಡಿದುಕೊಂಡು ಆಸ್ಪತ್ರೆಗೆ ಫೋನ್ ಮಾಡಿದ್ದು ಅಂಥದೊಂದು ಬೆಳಿಗ್ಗೆ. ಎಲ್ಲಿದ್ದೀರಿ ಎಂದು ಕೇಳಿದರೆ, "ಎದುರಿಗೆ ಒಂದು ಬೇವಿನ ಗಿಡ ಐತಿ" ಎಂದರಂತೆ. ನಮ್ಮೂರಿನಲ್ಲಿ ನೂರಾರು ಬೇವಿನ ಗಿಡಗಳಿವೆ. ಇಬ್ಬರು ನರ್ಸುಗಳು ಸ್ಕೂಟರ್ ಹತ್ತಿ ಮೂರು ತಾಸು ಹುಡುಕಿದರು. ಸಿಕ್ಕಾಗ ಮಾಸ್ತರರು ಹೋಗಿಬಿಟ್ಟಿದ್ದರು. ನಮ್ಮ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟವರು ಅವರು.

ಅದಾದ ಮೇಲೆ ಮುಖ್ಯಾಧಿಕಾರಿ ಹಂಚಿನಾಳ ಸಾಹೇಬರು ನನ್ನನ್ನು ಕರೆದು, "ಇಂದುಮತಿ, ಹನ್ನೊಂದೂ ಸರ್ವರ್ ಒಂದ ಕಡೆ ಕಾಣೋ ಹಂಗ ಮಾಡ್ರಿ. ಏನ ಬೇಕು ಹೇಳ್ರಿ" ಎಂದರು. ಬೇಕಾಗಿದ್ದದ್ದು ಸರ್ವರ್‌ಗಳನ್ನು ನಿರ್ವಹಿಸುವ ಒಂದು ತಂತ್ರಾಂಶ. ಅದರ ದೊಡ್ಡ ಭಾಗವನ್ನು ಪುರಸಭೆಯ ಕಂಪ್ಯೂಟರಿನಲ್ಲಿ ಹಾಕಬೇಕು. ಏಜೆಂಟ್ ಎಂಬ ಚಿಕ್ಕ ಭಾಗವನ್ನು ಒಂದೊಂದು ಸರ್ವರಿನಲ್ಲೂ ಕೂರಿಸಬೇಕು. ಏಜೆಂಟು ತನ್ನ ಸರ್ವರಿನ ಯೋಗಕ್ಷೇಮವನ್ನೂ ಮನೆಗಳ ಗುರುತಿನ ಪಟ್ಟಿಯನ್ನೂ ಪುರಸಭೆಗೆ ಕಳಿಸುತ್ತಿರುತ್ತದೆ. ಎಲ್ಲ ಸೇರಿಕೊಂಡರೆ ಮನೆ ಯಾವ ಗಡಿ ದಾಟಿದರೂ ತಪ್ಪಿಹೋಗುವುದಿಲ್ಲ.

ಸರ್ವರ್‌ಗಳೆಲ್ಲ ಜನರ ಮನೆಯಲ್ಲೇ ಇದ್ದವು. ಹಾಗಾಗಿ ನಾನು ದಿನಾ ನಕ್ಷೆ ನೋಡಿಕೊಂಡು ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿ ಹೊರಡುತ್ತಿದ್ದೆ. ಮೂರನೇ ವಾರ್ಡಿನದು ಗಿರಣಿಯವರ ಮನೆಯಲ್ಲಿತ್ತು. ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಹಿಡಿ ಜೋಳದ ಹಿಟ್ಟು. ಒಂಬತ್ತನೆಯದರ ಡಿಸ್ಕಿನಲ್ಲಿ ಜಾಗವೇ ಇರಲಿಲ್ಲ. ಆ ಮನೆಯವರು ಮದುವೆಯ ಮೂರು ವಿಡಿಯೋಗಳನ್ನು ಅದರಲ್ಲಿ ತುಂಬಿದ್ದರು. ಅಳಿಸಬೇಕು ಎಂದಾಗ ಮದುಮಗಳು, ಈಗ ಎರಡು ಮಕ್ಕಳ ತಾಯಿ, ಕೊನೆಯ ಸಲ ಎಂದು ಹೇಳಿ ಒಂದನ್ನು ಪೂರ್ತಿ ನೋಡಿದಳು. ನಾನೂ ಕೂತು ನೋಡಿದೆ. ಆಮೇಲೆ ಪೆನ್ ಡ್ರೈವಿಗೆ ಹಾಕಿಕೊಟ್ಟು ಬಂದೆ. ಹೀಗೆ ಹತ್ತು ಸರ್ವರ್ ಮುಗಿದವು. ಪುರಸಭೆಯ ಪರದೆಯ ಮೇಲೆ ಹತ್ತು ಹಸಿರು ಚುಕ್ಕೆ ಮೂಡಿದವು. ಉಳಿದದ್ದು ಏಳನೇ ವಾರ್ಡು.

ಅದನ್ನು ಕೊನೆಗೆ ಇಟ್ಟುಕೊಂಡವಳು ನಾನೇ. ಅದು ಇದ್ದದ್ದು ಪ್ರಭಕ್ಕನ ಮನೆಯಲ್ಲಿ. ಅಕ್ಕ ತೀರಿಕೊಂಡು ಎಂಟು ವರ್ಷ. ಅವರ ಗಂಡ ಫಕೀರಪ್ಪ ದರ್ಜಿ. ಅವರನ್ನು ನಾನು ಮಾಮಾ ಎನ್ನುತ್ತೇನೆ. ಅರವತ್ತು ದಾಟಿದ, ಸಣ್ಣ ಮೈಕಟ್ಟಿನ, ಬಾಯಲ್ಲಿ ಸದಾ ಎರಡು ಗುಂಡುಸೂಜಿ ಕಚ್ಚಿಕೊಂಡಿರುವ ಮನುಷ್ಯ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಸರ್ವರ್ ಇತ್ತು. ಅದಕ್ಕೊಂದು ಹತ್ತಿಯ ಹೊದಿಕೆ ಹೊಲಿದಿದ್ದರು, ಗಾಳಿ ಆಡಲು ಎರಡು ಕಡೆ ಜಾಳಿಗೆ ಬಿಟ್ಟು.

"ಕುಂದ್ರು ಇಂದೂ. ಚಾ ಇಡತೇನಿ" ಎಂದರು ಮಾಮಾ.

ಅವರು ಒಳಗೆ ಹೋದಾಗ ನಾನು ಲ್ಯಾಪ್‌ಟಾಪ್ ಜೋಡಿಸಿ ಸರ್ವರನ್ನು ನೋಡಿದೆ. ಅದರಲ್ಲಿದ್ದ ಕರ್ನಲ್ ಬಹಳ ಹಳೆಯದು. ಕರ್ನಲ್ ಎಂದರೆ ಇಡೀ ವ್ಯವಸ್ಥೆ ನಿಂತಿರುವ ತಿರುಳು. ಅದನ್ನು ಬದಲಿಸದೆ ಏಜೆಂಟ್ ಕೂರುವುದಿಲ್ಲ. ಬದಲಿಸಿದರೆ ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಬೇಕು. ಎಷ್ಟು ದಿನದಿಂದ ನಡೆಯುತ್ತಿದೆ ಎಂದು ನೋಡಲು ಅಪ್‌ಟೈಮ್ ಎಂದು ಬರೆದೆ. ನಾಲ್ಕು ಸಾವಿರದ ನೂರ ಎರಡು ದಿನ ಎಂದು ಬಂತು. ಎರಡನೇ ಸಲ ನೋಡಿದೆ.

ಮಾಮಾ ಲೋಟ ಹಿಡಿದು ಬಂದರು. ಪರದೆಯ ಕಡೆ ಕಣ್ಣು ಹಾಯಿಸಿ, "ನಾಕ ಸಾವಿರದ ನೂರಾ ಎರಡು. ಹೌದಲ್ಲ? ನಾನೂ ಮುಂಜಾನೆ ನೋಡೇನಿ" ಎಂದರು. ಲಿನಕ್ಸಿನಲ್ಲಿ ಅವರಿಗೆ ಗೊತ್ತಿದ್ದದ್ದು ಅದೊಂದೇ ಮಾತು. ಅಕ್ಕ ಕಲಿಸಿದ್ದು. ದಿನಾ ಎದ್ದು ಮುಖ ತೊಳೆದು ಅದನ್ನು ಟೈಪು ಮಾಡಿ, ಬಂದ ಸಂಖ್ಯೆಯನ್ನು ಬಟ್ಟೆ ಕತ್ತರಿಸುವ ಹಲಗೆಯ ಅಂಚಿಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು.

ನಾನು ಬಂದ ಕೆಲಸವನ್ನು ಹೇಳಿದೆ. ಆರಿಸಬೇಕು ಎಂಬ ಮಾತನ್ನು ಹೇಗೆ ಹೇಳುವುದೆಂದು ತಿಳಿಯದೆ ಎರಡು ಸಲ ಸುತ್ತಿಬಳಸಿದೆ. ಮಾಮಾ ಬಾಯಿಂದ ಗುಂಡುಸೂಜಿ ತೆಗೆದು ಕಾಲರಿಗೆ ಚುಚ್ಚಿಕೊಂಡರು.

"ಬಂದ್ ಮಾಡೂದಾ?"

"ಹತ್ತು ನಿಮಿಷ ಮಾಮಾ. ಮತ್ತ ಚಾಲೂ ಆಗತೈತಿ."

"ಅದನ್ನ ಚಾಲೂ ಮಾಡಿದಾಕಿ ಆಕಿ," ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. "ಇದ ಸ್ಟೂಲ್ ಮ್ಯಾಲ ಇಟ್ಟು, ಸೆರಗಿಗೆ ಕೈ ಒರಸ್ಕೊಂಡು, ಆ ಬಟನ್ ಒತ್ತಿದ್ಲು. ಅವತ್ತಿನಿಂದ ಇವತ್ತಿನ ತನಕ ನಿಂತಿಲ್ಲ ಇದು. ಕರೆಂಟ್ ಹೋದಾಗ ಬ್ಯಾಟರಿ ಬದಲಿ ಮಾಡೇನಿ. ಒಮ್ಮೆ ಎರಡೂ ಬ್ಯಾಟರಿ ತೀರಿದಾಗ ಪೆಂಡಾಲಿನವ್ರ ಜನರೇಟರ್ ತರಿಸೇನಿ. ಈಗ ನೀ ಬಂದು ಬಂದ್ ಮಾಡಂತಿ."

ಮಾಮಾ ಹೊದಿಕೆಯ ಅಂಚನ್ನು ಸರಿಮಾಡಿ, "ಮುಂದಿನ ವಾರ ಬಾ, ನೋಡೋಣ" ಎಂದರು.

ಮುಂದಿನ ವಾರ ಹೋದೆ. ಅದರ ಮುಂದಿನ ವಾರವೂ ಹೋದೆ. ಚಹಾ ಸಿಕ್ಕಿತು, ನನ್ನ ಚೀಲದ ಹರಿದ ಪಟ್ಟಿಗೆ ಹೊಲಿಗೆ ಬಿತ್ತು, ಕೆಲಸ ಆಗಲಿಲ್ಲ. ಸಾಹೇಬರು ದಿನಾ ಕೇಳುತ್ತಿದ್ದರು. ಕಡೆಗೆ ನಾನೇ ಒಂದು ದಾರಿ ಯೋಚಿಸಿ ಮಾಮಾರ ಮುಂದೆ ಇಟ್ಟೆ. ಬೇರೆಯದೊಂದು ಹೊಸ ಸರ್ವರ್ ತಂದು ಪಟ್ಟಿಯನ್ನೆಲ್ಲ ಅದಕ್ಕೆ ಹಾಕಿಬಿಡುತ್ತೇನೆ, ಅಕ್ಕನ ಯಂತ್ರ ಹೀಗೇ ಹಚ್ಚಿದಂತೆಯೇ ನಿಮ್ಮ ಹತ್ತಿರ ಇರಲಿ ಎಂದೆ. ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

"ಏನೂ ಕೆಲಸ ಇಲ್ಲದ?" ಎಂದು ಕೇಳಿದರು.

"ಹೌದು ಮಾಮಾ. ಸುಮ್ನ ನಡೀತಿರತೈತಿ."

ಅವರು ತಲೆ ತಗ್ಗಿಸಿ ಬಹಳ ಹೊತ್ತು ಗುಂಡಿಯೊಂದನ್ನು ಹೊಲಿದರು. ದಾರ ಕಚ್ಚಿ ಕತ್ತರಿಸಿದ ಮೇಲೆ, "ಆಕಿ ಒಂದ ದಿನಾನೂ ಸುಮ್ನ ಕುಂತಾಕಿ ಅಲ್ಲ. ಆಕಿ ಮಶೀನ ಹೆಂಗ ಸುಮ್ನ ಕುಂದ್ರಸಲಿ" ಎಂದರು. ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಅದಾಗಿ ನಾಲ್ಕನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಅವರೇ ಪುರಸಭೆಯ ಮೆಟ್ಟಿಲು ಹತ್ತಿ ಬಂದರು. ಎಂಟು ವರ್ಷದಲ್ಲಿ ಅವರು ಯಂತ್ರವನ್ನು ಬಿಟ್ಟು ಅಷ್ಟು ದೂರ ಬಂದದ್ದನ್ನು ನಾನು ನೋಡಿರಲಿಲ್ಲ. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು.

"ಕಸ್ತೂರಿ ಮನಿ ಕಾಣವಲ್ದು," ಎಂದರು. "ಬೂತಿನ ನಕ್ಷೆಯೊಳಗ ಇಲ್ಲ."

ಕಸ್ತೂರಿ ಏಳನೇ ವಾರ್ಡಿನ ಹುಡುಗಿ. ಚೊಚ್ಚಲ ಬಸುರಿ, ದಿನ ತುಂಬಿದ್ದವು. ಗಂಡ ಲಾರಿ ಹೊಡೆಯುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಹಿಂದಿನ ದಿನ ಸಂಜೆ ಮಾಮಾರ ಎದುರು ಮನೆಯೇ ಅವಳದಾಗಿತ್ತು. ಸೊಂಟ ನೋಯುತ್ತಿದೆ ಎಂದು ಅವಳು ಹೇಳಿದ್ದಳಂತೆ. ಬೆಳಿಗ್ಗೆ ಬಾಗಿಲು ತೆಗೆದರೆ ಆ ಜಾಗದಲ್ಲಿ ಬರೀ ಬಯಲು. ಮಾಮಾ ಆರು ಸಲ ಫೋನ್ ಮಾಡಿದ್ದರು. ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

ನಾನು ಪರದೆಯ ಮುಂದೆ ಕೂತು ಹತ್ತೂ ವಾರ್ಡುಗಳ ಪಟ್ಟಿ ನೋಡಿದೆ. ಎಲ್ಲೂ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಕಸ್ತೂರಿಯ ಡಬ್ಬಿಯ ಗುರುತು ಇದ್ದದ್ದು ಏಳನೆಯದರಲ್ಲಿ. ಏಳನೆಯದು ಇನ್ನೂ ಯಾರ ಜತೆಗೂ ಮಾತನಾಡುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳುವುದು ನನಗೆ ಬೇಕಿರಲಿಲ್ಲ. ಮಾಮಾ ನನ್ನ ಮುಖವನ್ನು ನೋಡಿಯೇ ತಿಳಿದುಕೊಂಡರು.

"ನಡಿ, ಹುಡುಕೋಣ" ಎಂದರು.

ಆಸ್ಪತ್ರೆಗೆ ಸುದ್ದಿ ಕೊಟ್ಟು ಇಬ್ಬರೂ ಹೊರಟೆವು. ಅವರು ಸ್ಕೂಟರ್ ಹತ್ತುವುದಿಲ್ಲ, ಹೊಟ್ಟೆ ತೊಳಸುತ್ತದೆ. ನಡೆದೇ ಹೋದೆವು. ಎಂಟನೇ ವಾರ್ಡಿನ ಹಾಲಿನ ಬೂತಿನಲ್ಲಿ ಕೇಳಿದೆವು, ಆರನೆಯದರಲ್ಲಿ ಕೇಳಿದೆವು. ಹಸಿರು ಬಾಗಿಲು, ಬಾಗಿಲ ಮೇಲೆ ಲಾರಿಯ ಚಿತ್ರ ಎಂದು ಮಾಮಾ ಎಲ್ಲರಿಗೂ ಗುರುತು ಹೇಳುತ್ತಿದ್ದರು. ಒಬ್ಬಳು ಹಪ್ಪಳ ಒಣಗಿಸುತ್ತಿದ್ದವಳು ಆ ಕಡೆ ನೋಡಿದ ಹಾಗಿದೆ ಎಂದಳು. ಹೋಗಿ ನೋಡಿದರೆ ಹಸಿರು ಬಾಗಿಲು ಹೌದು, ಒಳಗೆ ಇದ್ದದ್ದು ಒಬ್ಬ ಮುದುಕರು, ಅವರು ನಮ್ಮನ್ನು ಹೊಸ ನೆರೆಯವರೆಂದು ತಿಳಿದು ಅವಲಕ್ಕಿ ತರಲು ಎದ್ದರು. ಬಿಸಿಲೇರಿತು. ಮಾಮಾರ ನಡಿಗೆ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಒಂದು ಕಡೆ ಬೇವಿನ ಗಿಡದ ನೆರಳಿನಲ್ಲಿ ಕೂರಿಸಿ ನೀರು ಕೊಟ್ಟೆ. ಅವರು ಗಿಡವನ್ನು ತಲೆಯೆತ್ತಿ ನೋಡಿದರು.

"ಹಾಲಪ್ಪ ಮಾಸ್ತರಗೂ ನಾನ ಅಂಗಿ ಹೊಲಿತಿದ್ದೆ," ಎಂದರು. ಅಷ್ಟೇ ಹೇಳಿ ಎದ್ದರು.

ಮಧ್ಯಾಹ್ನ ಒಂದರ ಸುಮಾರಿಗೆ ಇಟ್ಟಂಗಿ ಭಟ್ಟಿಯ ಹಿಂದೆ, ಯಾರೂ ಹೋಗದ ಕಡೆ, ಆ ಮನೆ ಸಿಕ್ಕಿತು. ಬಾಗಿಲು ಮುಂದಕ್ಕೆ ಎಳೆದಿತ್ತು, ಚಿಲಕ ಹಾಕಿರಲಿಲ್ಲ. ಮಾಮಾ ಹೊರಗೇ ನಿಂತರು. ನಾನು ತಳ್ಳಿ ಒಳಗೆ ಹೋದೆ. ಕಸ್ತೂರಿ ಗೋಡೆಗೆ ಒರಗಿ ಕೂತು, ಎರಡೂ ಕೈಯಲ್ಲಿ ಚಾಪೆಯ ಅಂಚು ಹಿಡಿದಿದ್ದಳು. ಹಣೆ ಬೆವತಿತ್ತು. ಫೋನು ಅಟ್ಟದ ಮೇಲೆ ಇತ್ತಂತೆ. ಬೆಳಗಿನಿಂದ ಮೇಲೆ ಕೈ ಎತ್ತಲು ಆಗಿರಲಿಲ್ಲವಂತೆ. ನನ್ನನ್ನು ನೋಡಿ, "ಅಕ್ಕಾರ, ಯಾರೂ ಬರೂದಿಲ್ಲ ಅಂದ್ಕೊಂಡಿದ್ದೆ" ಎಂದಳು, ಬಹಳ ಮೆಲ್ಲಗೆ.

ನಾನು ನರ್ಸಿಗೆ ಫೋನ್ ಮಾಡಿದೆ. ಭಟ್ಟಿಯ ಹೊಗೆಯ ಗುರುತು ಹೇಳಿದ್ದರಿಂದ ಅವರು ಬೇಗ ಬಂದರು. ನಾಲ್ಕು ಗಂಟೆಯ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಇಬ್ಬರೂ ಚೆನ್ನಾಗಿದ್ದರು. ಇನ್ನೆರಡು ತಾಸು ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನರ್ಸು ನನಗೆ ಬಾಗಿಲ ಹೊರಗೆ ಕರೆದು ಹೇಳಿದರು. ಮಾಮಾ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದರು. ಅವರಿಗೂ ಕೇಳಿಸಿತು.

ಇಬ್ಬರೂ ನಡೆದೇ ಹಿಂದಿರುಗಿದೆವು. ಪುರಸಭೆಯ ಹತ್ತಿರ ಬೇರೆ ಬೇರೆಯಾಗುವಾಗ ಮಾಮಾ ನನ್ನ ತಲೆಯ ಮೇಲೆ ಕೈ ಇಟ್ಟು, "ನಾಳೆ ಮುಂಜಾನೆ ಬಾ ಇಂದೂ" ಎಂದರು.

ಮರುದಿನ ನಾನು ಹೋದಾಗ ಅವರು ಸ್ನಾನ ಮಾಡಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಸರ್ವರಿನ ಹೊದಿಕೆ ತೆಗೆದು ಮಡಚಿ ಇಟ್ಟಿದ್ದರು. ಹಲಗೆಯ ಅಂಚಿನಲ್ಲಿ ನಾಲ್ಕು ಸಾವಿರದ ನೂರ ಇಪ್ಪತ್ತಾರು ಎಂದು ಇತ್ತು. ನಾನು ಮೊದಲು ಮನೆಗಳ ಪಟ್ಟಿ, ಅಕ್ಕ ಬರೆದ ಪ್ರೋಗ್ರಾಮುಗಳು, ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡೆ. ಹೊಸ ಕರ್ನಲ್ ಹಾಕಿದೆ. ಅಷ್ಟಾಗುವಾಗ ಒಂದು ಗಂಟೆ ಕಳೆದಿತ್ತು. ಕೊನೆಯ ಆಜ್ಞೆ ಟೈಪು ಮಾಡಿ ಅವರ ಮುಖ ನೋಡಿದೆ. ಅವರು ಸ್ಟೂಲಿನ ಮೇಲೆ ಅಂಗೈ ಇಟ್ಟು ಹೂಂ ಎಂದರು.

ಯಂತ್ರ ಆರಿತು. ಹನ್ನೊಂದು ವರ್ಷ ಆ ಕೋಣೆಯಲ್ಲಿ ಒಂದು ಸಣ್ಣ ಮೊರೆತ ಇತ್ತು. ನಿಂತ ಮೇಲೆ ಅದು ಇತ್ತೆಂದು ಗೊತ್ತಾಯಿತು. ಆಮೇಲೆ ನಾನು ಹೆದರಿದಂತೆಯೇ ಆಯಿತು. ಹಳೆಯ ಯಂತ್ರ ತಾನಾಗಿ ಮತ್ತೆ ಏಳಲಿಲ್ಲ. ತಂತಿ ಬಿಚ್ಚಿ ಹಾಕಿದೆ, ಧೂಳು ಊದಿದೆ.

"ಬಟನ್ ಒತ್ತಬೇಕೇನು?" ಎಂದು ಮಾಮಾ ಕೇಳಿದರು.

"ಒತ್ತಿ ನೋಡ್ರಿ ಮಾಮಾ."

ಅವರು ಕೈಯನ್ನು ಅಂಗಿಗೆ ಒರಸಿಕೊಂಡು ಒತ್ತಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಳಗಿನ ಫ್ಯಾನು ಕೆಮ್ಮಿದ ಹಾಗೆ ಸದ್ದು ಮಾಡಿ ತಿರುಗತೊಡಗಿತು. ಪರದೆಯ ಮೇಲೆ ಸಾಲುಗಳು ಬಂದವು. ಅದರಲ್ಲೊಂದು ಸಾಲು, ಈ ಡಿಸ್ಕನ್ನು ನಾಲ್ಕು ಸಾವಿರದ ನೂರ ಇಪ್ಪತ್ತಾರು ದಿನಗಳಿಂದ ಪರೀಕ್ಷಿಸಿಲ್ಲ, ಈಗ ಪರೀಕ್ಷಿಸಲೇಬೇಕು ಎಂದು ಹೇಳಿತು. ನಾನು ಅದನ್ನು ಮಾಮಾರಿಗೆ ಓದಿ ಹೇಳಿದೆ.

"ಅದಕ್ಕೂ ಲೆಕ್ಕ ಇತ್ತಲ್ಲ," ಎಂದು ಅವರು ನಕ್ಕರು. ಆ ಬೆಳಿಗ್ಗೆ ಅವರು ನಕ್ಕದ್ದು ಅದೇ ಮೊದಲು.

ಪರೀಕ್ಷೆ ಮುಗಿಯಲು ಐವತ್ತು ನಿಮಿಷ ಹಿಡಿಯಿತು. ನಾವು ಕೂತೆವು. ಮಾಮಾ ನನಗೆ ಗೊತ್ತಿಲ್ಲದ್ದನ್ನು ಹೇಳಿದರು. ಸರ್ವರ್‌ಗಳನ್ನು ಕೂರಿಸುವ ಮೊದಲು ಅಕ್ಕ ಮೂರು ತಿಂಗಳು ಸರಿಯಾಗಿ ಊಟ ಮಾಡಿರಲಿಲ್ಲವಂತೆ. ತಾನು ಬರೆದ ಪ್ರೋಗ್ರಾಮಿನಲ್ಲಿ ಒಂದು ಅಕ್ಷರ ತಪ್ಪಿದರೆ ಯಾರದೋ ಮನೆ ತಪ್ಪಿಹೋಗುತ್ತದೆ ಎಂಬ ಭಯವಂತೆ. ನನ್ನ ಮುಂದೆ ಅಕ್ಕ ಎಂದೂ ಹೆದರಿದವರಲ್ಲ. ನಾನು ತಪ್ಪು ಮಾಡಿದಾಗಲೆಲ್ಲ, ಆಗಲಿ ಬಿಡು, ಮತ್ತೆ ಬರೆ ಎನ್ನುತ್ತಿದ್ದವರು. "ನಿನ್ನ ಮುಂದ ಧೈರ್ಯದಿಂದ ಇರತಿದ್ಲು," ಎಂದರು ಮಾಮಾ. "ಮನಿಗೆ ಬಂದು ನನ್ನ ಮುಂದ ಅಳತಿದ್ಲು. ನಾ ಏನ ಹೇಳಲಿ, ನನಗೇನ ತಿಳಿತಿತ್ತು. ಬಾಜೂಕ ಕುಂತು ಹೊಲಿತಿದ್ದೆ."

ನಾನು ತಲೆ ಎತ್ತಲಿಲ್ಲ. ಅವರೂ ನನ್ನನ್ನು ನೋಡದೆ ಪರದೆಯನ್ನೇ ನೋಡುತ್ತಿದ್ದರು.

ಡಿಸ್ಕಿನಲ್ಲಿ ದೋಷವಿರಲಿಲ್ಲ. ಯಂತ್ರ ಪೂರ್ತಿ ಎದ್ದಿತು. ನಾನು ಏಜೆಂಟನ್ನು ಹಾಕಿ, ಪುರಸಭೆಯ ವಿಳಾಸ ಕೊಟ್ಟು, ಚಾಲೂ ಮಾಡಿದೆ. ಒಂದು ಚಿಕ್ಕ ಅರ್ಜಿಯಂಥದ್ದು ತೆರೆದುಕೊಂಡಿತು. ಯಂತ್ರದ ಹೆಸರು, ಇರುವ ವಾರ್ಡು, ನೋಡಿಕೊಳ್ಳುವವರ ಹೆಸರು ಮತ್ತು ಫೋನ್ ನಂಬರು. ಉಳಿದ ಕಡೆ ನಾನು ನನ್ನ ಹೆಸರನ್ನೇ ಹಾಕಿದ್ದೆ. ಇಲ್ಲಿ ಬೆರಳು ನಿಂತಿತು.

"ಅಕ್ಕನ ಹೆಸರು ಹಾಕಲೇನು ಮಾಮಾ?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. ಹೊರಗೆ ಯಾರೋ ಹೊಸ ನೆರೆಯವರು ಅಂಗಳ ಗುಡಿಸುತ್ತಿದ್ದರು.

"ಆಕಿ ಇದ್ದಾಗ ಮೂರು ವರ್ಷ ನೋಡ್ಕೊಂಡ್ಲು," ಎಂದರು. "ಸತ್ತ ಮ್ಯಾಲೂ ಎಂಟು ವರ್ಷ ನೋಡ್ಕೊಂಡಾಳ. ಸಾಕು. ನನ್ನ ಹೆಸರ ಬರಿ."

ನಾನು ಬರೆದೆ. ಫಕೀರಪ್ಪ, ಏಳನೇ ವಾರ್ಡು. ಅವರು ತಮ್ಮ ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದರು, ಎರಡು ಸಲ.

ಒಂಬತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಪುರಸಭೆಗೆ ಹೊರಡುತ್ತಿದ್ದಾಗ ಅವರ ಫೋನ್ ಬಂತು.

"ಇಂದೂ, ನನಗ ಮಶೀನಿಂದ ಮೆಸೇಜ್ ಬಂದೈತಿ. ಡಿಸ್ಕ್ ತುಂಬಾಕತ್ತೈತಿ ಅಂತ. ನಿನಗ ಬಂದಿಲ್ಲ?"

"ಇಲ್ಲ ಮಾಮಾ. ಅದು ನೋಡ್ಕೊಳ್ಳೋರಿಗೆ ಅಷ್ಟ ಬರತೈತಿ."

ಅತ್ತ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು.

"ಹಂಗಾದ್ರ ಏನ ಮಾಡಬೇಕು ಹೇಳು."

ಹಳೆಯ ನಕ್ಷೆಗಳನ್ನು ಅಳಿಸಬೇಕಿತ್ತು. ನಾನಿದ್ದಲ್ಲಿಂದಲೇ ಎರಡು ನಿಮಿಷದಲ್ಲಿ ಅದನ್ನು ಮುಗಿಸಬಹುದಿತ್ತು. ಆ ತಂತ್ರಾಂಶವನ್ನು ಹಾಕಿದ್ದೇ ಅದಕ್ಕಾಗಿ. ನಾನು ಚೀಲ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತು ಒಂದೊಂದೇ ಅಕ್ಷರ ಹೇಳತೊಡಗಿದೆ. ಅವರು ಪ್ರತಿ ಅಕ್ಷರವನ್ನೂ ನನ್ನ ಹಿಂದೆ ಜೋರಾಗಿ ಹೇಳಿ ಒತ್ತಿದರು. ನಡುವೆ ಒಂದು ಕಡೆ ತಪ್ಪಾಯಿತು.

"ಆಗಲಿ ಬಿಡ್ರಿ ಮಾಮಾ," ಎಂದೆ. "ಮತ್ತ ಬರೀರಿ."